ಭದ್ರಾವತಿಯ ಒಲೆಗೆ ಸೌದೆ ಹೊಂದಿಸಿದ ಕತೆ

2023ರ ಜನವರಿಯಲ್ಲಿ ಭದ್ರಾವತಿಯ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಾಗ ನಾವು ಕಾರ್ಖಾನೆಯ ಗೇಟಿನ ಎದುರಿಗಿದ್ದೆವು. ಗುತ್ತಿಗೆ ಕಾರ್ಮಿಕರು ಧರಣಿಗೆ ಶಾಮಿಯಾನ ಹಾಕುತ್ತಿದ್ದರು. ಅಲ್ಲಿಂದಲೇ ಮೊಬೈಲಿನಲ್ಲಿ ಟೈಪ್ ಮಾಡಿ ಡೆಸ್ಕಿಗೆ ಸುದ್ದಿ ಕಳಿಸಿದೆವು. ‘ಮುಚ್ಚಲು ಕಾರಣ ಏನು, ಒಂದೇ ಸಾಲಿನಲ್ಲಿ ಸೇರಿಸಿ’ ಎಂದರು. ಸೇರಿಸಿದೆವು: ‘ಸ್ವಂತ ಗಣಿ ಇಲ್ಲದೆ ಕಾರ್ಖಾನೆ ನಷ್ಟದಲ್ಲಿದೆ.’ ಅಷ್ಟೇ ಅಚ್ಚಾಯಿತು.

ಆ ಸಾಲಿನಲ್ಲಿ ಸುಳ್ಳಿರಲಿಲ್ಲ. ಆದರೂ ಇವತ್ತಿನವರೆಗೆ ಅದು ನಮ್ಮನ್ನು ಚುಚ್ಚುತ್ತಿದೆ. ಯಾಕೆಂದರೆ ಅದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1923ರ ಜನವರಿ 18ರಂದು, ಇದೇ ಕಾರ್ಖಾನೆ ಕಬ್ಬಿಣ ಕರಗಿಸಲು ಶುರು ಮಾಡಿದಾಗ ಅದಕ್ಕೆ ಸ್ವಂತದ್ದಲ್ಲದ ವಸ್ತುವೇ ಇರಲಿಲ್ಲ ಎನ್ನಬಹುದು. ಅದಿರಿಗೆ ಬೆಟ್ಟ, ಇದ್ದಿಲಿಗೆ ಕಾಡು, ಸುಣ್ಣಕಲ್ಲಿಗೆ ಗುಡ್ಡ, ಸೌದೆ ಹೊರಲು ಟ್ರಾಮ್ ಹಳಿ, ನೀರಿಗೆ ಭದ್ರಾ ನದಿ. ಎಲ್ಲವೂ ಮೈಸೂರು ಸಂಸ್ಥಾನದ್ದೇ. ಎಲ್ಲ ಇದ್ದ ಮನೆ ಏನೂ ಇಲ್ಲದ ಮನೆ ಆದದ್ದು ಹೇಗೆ? ಇದನ್ನು ಹುಡುಕುತ್ತಾ ಹೋದ ನಮಗೆ ಸಿಕ್ಕಿದ್ದು ‘ಸಪ್ಲೈ ಚೈನ್’ ಎಂಬ, ಮ್ಯಾನೇಜ್‌ಮೆಂಟ್ ಕಾಲೇಜಿನವರು ಮಾತ್ರ ಬಳಸುತ್ತಾರೆ ಎಂದು ನಾವು ಬಿಟ್ಟಿದ್ದ ಪದ. ಪದ ಹೊಸದು. ಬೂಜ್ ಆಲನ್ ಎಂಬ ಸಲಹಾ ಸಂಸ್ಥೆಯ ಕೀತ್ ಆಲಿವರ್ 1982ರಲ್ಲಿ ಅದನ್ನು ಚಲಾವಣೆಗೆ ತಂದರು ಎನ್ನುತ್ತಾರೆ. ಆದರೆ ಕೆಲಸ ಹಳೆಯದು. ಮದುವೆ ಮನೆಯಲ್ಲಿ ಅಡುಗೆಯವನಿಗಿಂತ ಮೊದಲು ಸೌದೆಯವನನ್ನು ಗೊತ್ತು ಮಾಡುವ ಯಜಮಾನನಿಗೆ ಅದು ಗೊತ್ತೇ ಇರುತ್ತದೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೆಸರಿಗೂ ಕುಲುಮೆಗೂ ಸಂಬಂಧ ಇಲ್ಲ, ಕಾಕತಾಳೀಯ ಅಷ್ಟೇ. ಬೀರೂರು–ಶಿವಮೊಗ್ಗ ರೈಲು ಹಳಿ ಈ ಊರಿನ ಮೇಲೆ 1899ರಲ್ಲೇ ಹಾದುಹೋಗಿತ್ತು. ದಕ್ಷಿಣಕ್ಕೆ ಬಾಬಾಬುಡನ್ ಗಿರಿಶ್ರೇಣಿ, ಅದರಲ್ಲಿ ಕೆಮ್ಮಣ್ಣುಗುಂಡಿ. ಅಲ್ಲಿನ ಮಣ್ಣು ಕೆಂಪಗಿರುವುದೇ ಕಬ್ಬಿಣದ ಅದಿರಿನಿಂದ. ಸುತ್ತ ಲಕ್ಕವಳ್ಳಿ, ಉಂಬ್ಳೇಬೈಲಿನ ಕಾಡು. ಭಂಡಿಗುಡ್ಡದಲ್ಲಿ ಸುಣ್ಣಕಲ್ಲು. ಇಲ್ಲದಿದ್ದದ್ದು ಒಂದೇ, ಕಲ್ಲಿದ್ದಲು.

ಇಲ್ಲಿಗೆ ನಮ್ಮೂರಿನ ಕಟ್ಟೆ ಪಂಡಿತರು ಒಂದು ತೀರ್ಪು ಕೊಟ್ಟುಬಿಡುತ್ತಾರೆ: ‘ಕಲ್ಲಿದ್ದಲಿಲ್ಲದ ಕಡೆ ಕಬ್ಬಿಣದ ಕಾರ್ಖಾನೆ ಹಾಕಿದ್ದೇ ವಿಶ್ವೇಶ್ವರಯ್ಯನವರ ತಪ್ಪು.’ ಇದನ್ನು ನಾವೂ ಬಹಳ ದಿನ ನಂಬಿದ್ದೆವು. ಈಗ ನಂಬುವುದಿಲ್ಲ. ಕಲ್ಲಿದ್ದಲು ಇಲ್ಲ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಜಮ್ಷೆಡ್‌ಪುರದ ಟಾಟಾ ಕಾರ್ಖಾನೆ 1911ರ ಡಿಸೆಂಬರಿನಲ್ಲಿ ಮೊದಲ ಕಬ್ಬಿಣ ತೆಗೆದಾಗ ಅದರ ಜಾಗ ಆಯ್ದದ್ದೇ ಝರಿಯಾದ ಕಲ್ಲಿದ್ದಲು ಮತ್ತು ಮಯೂರ್‌ಭಂಜ್‌ನ ಅದಿರು ಎರಡೂ ಕೈಗೆಟುಕುವಂತೆ. ಆ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್ ಅವರನ್ನೇ ಮೈಸೂರು ಸಂಸ್ಥಾನವೂ ಕರೆಸಿ ವರದಿ ಕೇಳಿತ್ತು. ಝರಿಯಾದಿಂದ ಬೆಂಕಿಪುರಕ್ಕೆ ರೈಲಿನಲ್ಲಿ ಕೋಕ್ ತಂದರೆ ಬಾಡಿಗೆಯೇ ಬೆಲೆಯನ್ನು ನುಂಗುತ್ತದೆ. ಹಾಗಾಗಿ ಕಣ್ಣು ತೆರೆದೇ ಇದ್ದಿಲನ್ನು ಆರಿಸಿಕೊಂಡರು. ಸ್ವೀಡನ್ ದೇಶ ಶತಮಾನಗಳ ಕಾಲ ಇದ್ದಿಲಿನಲ್ಲೇ ಜಗತ್ತಿನ ಒಳ್ಳೆಯ ಕಬ್ಬಿಣ ಮಾಡಿ ಮಾರಿತ್ತು. ಇದ್ದಿಲಿನಲ್ಲಿ ಗಂಧಕ ಬಹಳ ಕಡಿಮೆ. ಆದ್ದರಿಂದ ಕಬ್ಬಿಣ ಶುದ್ಧ, ಗುಣಕ್ಕೆ ತಕ್ಕ ಬೆಲೆಯೂ ಸಿಗುತ್ತಿತ್ತು.

ಇನ್ನೊಂದು ಲೆಕ್ಕವೂ ಇತ್ತು, ನಮಗೆ ಬಹಳ ಹಿಡಿಸಿದ್ದು ಇದೇ. ಕಾಡಿನಲ್ಲಿ ಗುಂಡಿ ತೋಡಿ ಸೌದೆ ಸುಟ್ಟರೆ ಇದ್ದಿಲು ಸಿಗುತ್ತದೆ, ಹೊಗೆ ಗಾಳಿಗೆ ಹೋಗುತ್ತದೆ. ಅದೇ ಸೌದೆಯನ್ನು ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಕಾಯಿಸಿ, ಆ ಹೊಗೆಯನ್ನು ತಣಿಸಿದರೆ ಅದರಲ್ಲಿ ಮರದ ಮದ್ಯಸಾರ ಇರುತ್ತದೆ, ಅಸಿಟಿಕ್ ಆಮ್ಲ ಇರುತ್ತದೆ, ಡಾಂಬರು ಇರುತ್ತದೆ. ಆಮ್ಲಕ್ಕೆ ಸುಣ್ಣ ಬೆರೆಸಿ ಮಾಡುವ ಅಸಿಟೇಟ್‌ನಿಂದ ಅಸಿಟೋನ್, ಅಸಿಟೋನ್‌ನಿಂದ ಕಾರ್ಡೈಟ್ ಎಂಬ ಸಿಡಿಮದ್ದು. ಮೊದಲ ಮಹಾಯುದ್ಧದ ಕಾಲ. ಕಾರ್ಡೈಟ್‌ಗೆ ಎಲ್ಲಿಲ್ಲದ ಬೇಡಿಕೆ. ಹೊಗೆಯನ್ನು ಮಾರಿದ ದುಡ್ಡಿನಲ್ಲಿ ಇದ್ದಿಲು ಅಗ್ಗವಾಗುತ್ತದೆ, ಅಗ್ಗದ ಇದ್ದಿಲಿನಲ್ಲಿ ಕಬ್ಬಿಣ ಅಗ್ಗವಾಗುತ್ತದೆ. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಇದು ಇತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಮರ ಮೊದಲು, ಕಬ್ಬಿಣ ಆಮೇಲೆ.

1918ರಲ್ಲಿ ಮಂಜೂರಾತಿ ಸಿಕ್ಕಿತು. ಅದೇ ವರ್ಷ ನವೆಂಬರಿನಲ್ಲಿ ಯುದ್ಧ ಮುಗಿಯಿತು. ಅದೇ ವರ್ಷಾಂತ್ಯಕ್ಕೆ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. ಯಂತ್ರಗಳು ಬಂದು, ಜೋಡಣೆಯಾಗಿ, ಕುಲುಮೆ ಹೊತ್ತಿಕೊಳ್ಳುವ ಹೊತ್ತಿಗೆ 1923. ಆ ಹೊತ್ತಿಗೆ ಕಬ್ಬಿಣದ ಬೆಲೆ ಬಿದ್ದಿತ್ತು, ಸಿಡಿಮದ್ದು ಕೇಳುವವರು ಇರಲಿಲ್ಲ. ಸಾಲದ್ದಕ್ಕೆ ಅದೇ 1923ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಮರದ ಮದ್ಯಸಾರವನ್ನು ಮರವೇ ಇಲ್ಲದೆ, ಅನಿಲಗಳನ್ನು ಒತ್ತಡದಲ್ಲಿ ಕೂಡಿಸಿ, ಕಾರ್ಖಾನೆ ಮಟ್ಟದಲ್ಲಿ ತಯಾರಿಸತೊಡಗಿತು. ಬೆಂಕಿಪುರದಲ್ಲಿ ಯಾವ ವಸ್ತುವಿನ ಲಾಭ ನಂಬಿ ಒಲೆ ಹಚ್ಚಿದರೋ, ಆ ವಸ್ತುವಿನ ಬುಡವೇ ಅದೇ ವರ್ಷ ಸಾವಿರಾರು ಮೈಲಿ ಆಚೆ ಕತ್ತರಿಸಿ ಹೋಯಿತು. ಇದನ್ನು ಓದಿದ ದಿನ ನಾವು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆವು.

ಒಂದು ಪಕ್ಕದ ಮಾತು. ಇದೇ 1920ರ ದಶಕದಲ್ಲಿ ಅಮೆರಿಕದಲ್ಲಿ ಹೆನ್ರಿ ಫೋರ್ಡ್ ಕಾರಿಗೆ ಬೇಕಾದ ಎಲ್ಲವನ್ನೂ ಸ್ವಂತ ಮಾಡಿಕೊಳ್ಳುವ ಹುಚ್ಚಿನಲ್ಲಿದ್ದರು. ಸ್ವಂತ ಅದಿರು, ಸ್ವಂತ ಕಲ್ಲಿದ್ದಲು, ಸ್ವಂತ ಕಾಡು. ಮಿಷಿಗನ್‌ನ ಐರನ್ ಮೌಂಟನ್ ಬಳಿ ಅವರೂ ಭದ್ರಾವತಿಯಂಥದೇ ಸೌದೆ ಭಟ್ಟಿ ಹಾಕಿದ್ದರು. ಕಾರಿನ ಮರದ ಚೂರುಗಳಿಂದ ಇದ್ದಿಲು ಮಾಡಿ ಮಾರಿದರು. ಆ ಇದ್ದಿಲು ಕಿಂಗ್ಸ್‌ಫರ್ಡ್ ಎಂಬ ಹೆಸರಿನಲ್ಲಿ ಇವತ್ತಿಗೂ ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತದೆ. ರಬ್ಬರಿಗಾಗಿ ಬ್ರೆಜಿಲ್ ಕಾಡಿನಲ್ಲಿ 1928ರಲ್ಲಿ ಕಟ್ಟಿದ ಫೋರ್ಡ್‌ಲ್ಯಾಂಡಿಯಾ ಮಾತ್ರ ಪೂರ್ತಿ ಮುಳುಗಿ, 1945ರಲ್ಲಿ ಬ್ರೆಜಿಲ್ ಸರ್ಕಾರಕ್ಕೆ ಮಾರಾಟವಾಯಿತು. ಅಂದರೆ ಎಲ್ಲ ಸ್ವಂತವಿರಬೇಕು ಎಂಬುದು ಮೈಸೂರಿನವರಿಗಷ್ಟೇ ಹತ್ತಿದ ಯೋಚನೆಯಲ್ಲ, ಕಾಲದ ಗಾಳಿಯೇ ಹಾಗಿತ್ತು.

ನಷ್ಟದಲ್ಲಿದ್ದ ಕಾರ್ಖಾನೆಯನ್ನು ಎತ್ತಲು ವಿಶ್ವೇಶ್ವರಯ್ಯ ಅವರನ್ನೇ 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆತಂದರು. 1929ರವರೆಗೆ ಇದ್ದರು. ಖರ್ಚು ಕಡಿತ, ದುಬಾರಿ ವಿದೇಶಿ ನೌಕರರ ಜಾಗಕ್ಕೆ ಇಲ್ಲಿಯವರು, ಇವೆಲ್ಲ ಎಲ್ಲರೂ ಹೇಳುವ ಸಂಗತಿ. ನಮಗೆ ಮುಖ್ಯ ಎನಿಸುವುದು ಬೇರೆ. ಒಲೆಗೆ ಬರುವ ಸಾಮಾನಿನ ದಾರಿಯನ್ನು ಸದ್ಯಕ್ಕೆ ಬದಲಿಸಲಾಗದು ಎಂದಾಗ ಅವರು ಒಲೆಯಿಂದ ಹೊರಹೋಗುವ ಸಾಮಾನಿನ ದಾರಿ ಬದಲಿಸಿದರು. ಕಬ್ಬಿಣದ ಗಟ್ಟಿಯನ್ನು ದೂರದ ಪೇಟೆಗೆ ಕಳಿಸಿ ಅಲ್ಲಿನ ಬೆಲೆಗೆ ತಲೆಬಾಗುವ ಬದಲು, ಇಲ್ಲೇ ಕೊಳವೆ ಎರಕ ಹೊಯ್ದು ನಲ್ಲಿ ನೀರಿನ ಯೋಜನೆಗಳಿಗೆ ಮಾರುವುದು. 1924ರಲ್ಲಿ ಭಾರತ ಸರ್ಕಾರ ಉಕ್ಕಿಗೆ ಸುಂಕದ ರಕ್ಷಣೆ ಕೊಟ್ಟಿತು, ಕಚ್ಚಾ ಕಬ್ಬಿಣಕ್ಕೆ ಕೊಡಲಿಲ್ಲ. ಹಾಗಾಗಿ 1936ರಲ್ಲಿ ಉಕ್ಕಿನ ಘಟಕವೂ ಬಂತು. ಆ ದಶಕ ಮುಗಿಯುವ ಹೊತ್ತಿಗೆ ಕುಲುಮೆಯ ಕಿಟ್ಟದಿಂದ ಸಿಮೆಂಟು. ಎಸೆಯುವ ಕಿಟ್ಟವೂ ಮಾರಾಟದ ಸಾಮಾನಾಯಿತು.

ಇನ್ನು ಕಾಡಿನ ವಿಷಯ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು, ಯಾಕೆಂದರೆ ಸರಪಳಿಯ ಮೊದಲ ಕೊಂಡಿ ಸವೆದದ್ದು ಇಲ್ಲೇ. ಒಂದು ಟನ್ ಇದ್ದಿಲಿಗೆ ಸುಮಾರು ನಾಲ್ಕೈದು ಟನ್ ಸೌದೆ ಬೇಕು. ಒಂದು ಟನ್ ಕಬ್ಬಿಣಕ್ಕೆ ಹತ್ತಿರ ಹತ್ತಿರ ಒಂದು ಟನ್ ಇದ್ದಿಲು. ಇದ್ದಿಲು ಹಗುರ, ಪುಡಿಯಾಗುವ ವಸ್ತು. ದೂರದಿಂದ ತಂದರೆ ದಾರಿಯಲ್ಲೇ ಅರ್ಧ ಹುಡಿ. ಎತ್ತರದ ಕುಲುಮೆಯಲ್ಲಿ ಅದಿರಿನ ಭಾರ ಬಿದ್ದರೆ ಅಲ್ಲೂ ಹುಡಿಯಾಗಿ ಗಾಳಿ ಆಡುವುದಿಲ್ಲ. ಆದ್ದರಿಂದ ಇದ್ದಿಲಿನ ಕುಲುಮೆ ಒಂದು ಮಿತಿಗಿಂತ ದೊಡ್ಡದಾಗಲಾರದು. ಟಾಟಾದವರ ಕೋಕ್ ಕುಲುಮೆ ವರ್ಷದಿಂದ ವರ್ಷಕ್ಕೆ ಬೆಳೆದು ಟನ್ನಿನ ಖರ್ಚು ಇಳಿಸಿಕೊಳ್ಳಬಹುದಿತ್ತು. ಭದ್ರಾವತಿಗೆ ಆ ದಾರಿ ಹುಟ್ಟಿನಿಂದಲೇ ಮುಚ್ಚಿತ್ತು. ಮೇಲಾಗಿ ಇಂಥ ಕಾರ್ಖಾನೆಯ ಲೆಕ್ಕವೆಲ್ಲ ನಿಂತಿರುವುದು ಸರದಿ ಕಡಿತದ ಮೇಲೆ. ಇಲ್ಲಿ ಕಡಿದದ್ದು ಮತ್ತೆ ಬೆಳೆಯುವ ತನಕ ಅಲ್ಲಿ ಕಡಿಯುವುದು. ಹತ್ತಿರದ ಕಾಡು ಬೋಳಾದಂತೆ ಟ್ರಾಮ್ ಹಳಿ ಉದ್ದವಾಗುತ್ತದೆ, ಮಲೇರಿಯಾದ ಮಲೆನಾಡಿನಲ್ಲಿ ಮರ ಕಡಿಯುವ ಕೂಲಿಯವರನ್ನು ಹಿಡಿದು ನಿಲ್ಲಿಸುವುದು ಕಷ್ಟವಾಗುತ್ತದೆ, ಪ್ರತಿ ಟನ್ ಸೌದೆಯ ಖರ್ಚು ಏರುತ್ತದೆ. ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೂ ಕಾಡು ಹೋಯಿತು.

ಆಗ ಬಂದದ್ದು ವಿದ್ಯುತ್ತು. ಜೋಗದ ವಿದ್ಯುತ್ ಕೇಂದ್ರ 1948ರಲ್ಲಿ ಶುರುವಾಯಿತು. 1950ರ ದಶಕದ ಆರಂಭದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸ. ಒಂದು, ಕಾವು ಕೊಡುವುದು. ಎರಡು, ಅದಿರಿನಲ್ಲಿ ಕಬ್ಬಿಣಕ್ಕೆ ಅಂಟಿದ ಆಮ್ಲಜನಕವನ್ನು ಕಿತ್ತುಕೊಳ್ಳುವುದು. ಮೊದಲ ಕೆಲಸವನ್ನು ವಿದ್ಯುತ್ತಿಗೆ ವಹಿಸಿದರೆ ಇದ್ದಿಲಿನ ಬೇಡಿಕೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕಾಡಿನ ಬದಲು ಜಲಪಾತವನ್ನು ಸರಪಳಿಗೆ ಜೋಡಿಸಿದಂತಾಯಿತು. ನಮ್ಮ ಪ್ರಕಾರ ಭದ್ರಾವತಿಯ ಚರಿತ್ರೆಯಲ್ಲಿ ಇಷ್ಟು ಜಾಣತನದ ಬದಲಾವಣೆ ಇನ್ನೊಂದಿಲ್ಲ. ಆ ಜಲವಿದ್ಯುತ್ತಿನ ಬೆಲೆ ಕಾರ್ಖಾನೆಯ ಖಾತೆಗೆ ಬರದೆ ಬೇರೆ ಯಾರದೋ ಖಾತೆಗೆ ಹೋಯಿತು ಎಂಬುದೂ ನಿಜ. ಶರಾವತಿ ಹಿನ್ನೀರಿನಲ್ಲಿ ಮನೆ ಮುಳುಗಿದವರ ಮಕ್ಕಳು ಹಕ್ಕುಪತ್ರಕ್ಕಾಗಿ ಅಲೆಯುವ ಸುದ್ದಿಯನ್ನು ನಮ್ಮ ಜಿಲ್ಲೆಯ ಸ್ಟ್ರಿಂಗರ್‌ಗಳು ಇವತ್ತಿಗೂ ಬರೆಯುತ್ತಿದ್ದೇವೆ.

ಅಗ್ಗದ ವಿದ್ಯುತ್ತು ಎಲ್ಲರಿಗೂ ಬೇಕಾಯಿತು. ಬೆಂಗಳೂರು ಬೆಳೆಯಿತು, ಪಂಪ್‌ಸೆಟ್ಟುಗಳು ಬಂದವು, ಮಳೆ ಕೈಕೊಟ್ಟ ವರ್ಷಗಳಲ್ಲಿ ಪವರ್ ಕಟ್. ಇನ್ನೊಂದು ಕಡೆ 1950ರ ದಶಕದಲ್ಲಿ ಕೇಂದ್ರ ಸರ್ಕಾರ ಸಾಗಣೆ ವೆಚ್ಚವನ್ನು ಸಮ ಮಾಡುವ ನೀತಿ ತಂದಿತು. ಉಕ್ಕು ದೇಶದ ಯಾವ ಮೂಲೆಯಲ್ಲೂ ಒಂದೇ ಬೆಲೆಗೆ ಸಿಗಬೇಕು ಎಂಬುದು ಅದರ ಆಶಯ. ಬಿಹಾರ, ಬಂಗಾಳ, ಒಡಿಶಾಗಳಿಗೆ ಇದರಿಂದ ಏಟು ಬಿತ್ತು ಎಂದು ಓದಿದ್ದೇವೆ, ಸರಿಯೇ. ಆದರೆ ದಕ್ಷಿಣದ ಗಿರಾಕಿಗೆ ಹತ್ತಿರ ಇದ್ದೇವೆ ಎಂಬ ಭದ್ರಾವತಿಯ ಒಂದೇ ಒಂದು ಸಹಜ ಅನುಕೂಲವೂ ಇದರಿಂದ ಅಳಿಸಿಹೋಯಿತು ಎಂಬುದನ್ನು ಯಾರೂ ಹೇಳುವುದಿಲ್ಲ.

1962ರಲ್ಲಿ ಕಾರ್ಖಾನೆ ಸರ್ಕಾರಿ ಕಂಪನಿಯಾಯಿತು. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂತು. 1989ರಲ್ಲಿ ಉಕ್ಕು ಪ್ರಾಧಿಕಾರ, ಅಂದರೆ ಸೇಲ್, ತನ್ನ ಅಂಗಸಂಸ್ಥೆಯಾಗಿ ತೆಗೆದುಕೊಂಡಿತು. 1998ರಲ್ಲಿ ತನ್ನಲ್ಲೇ ವಿಲೀನ ಮಾಡಿಕೊಂಡಿತು. ವಿಶೇಷ ಉಕ್ಕು ತಯಾರಿಸಿ ರೈಲ್ವೆ, ರಕ್ಷಣಾ ಇಲಾಖೆಗಳಿಗೆ ಕೊಟ್ಟ ಹೆಮ್ಮೆ ಈ ಕಾಲದ್ದು. ನಿವೃತ್ತರ ಮನೆಗೆ ಹೋದರೆ ಕಾಫಿಗಿಂತ ಮೊದಲು ಇದೇ ಮಾತು ಬರುತ್ತದೆ.

ಎರಡನೇ ಕೊಂಡಿ ಕಳಚಿದ್ದು ಅದಿರಿನದು. ಕೆಮ್ಮಣ್ಣುಗುಂಡಿಯಿಂದ ರೋಪ್‌ವೇ ತೊಟ್ಟಿಲುಗಳಲ್ಲಿ ಅದಿರು ತಣಿಗೆಬೈಲಿಗೆ ಇಳಿಯುತ್ತಿತ್ತು, ಅಲ್ಲಿಂದ ಸಣ್ಣ ರೈಲಿನಲ್ಲಿ ಭದ್ರಾವತಿಗೆ. ತರೀಕೆರೆ ಕಡೆಯ ಹಿರಿಯರಿಗೆ ಆ ತೊಟ್ಟಿಲುಗಳ ಸದ್ದು ಈಗಲೂ ನೆನಪಿದೆ. ಕಾಲ ಬದಲಾಯಿತು. ಪಶ್ಚಿಮ ಘಟ್ಟದಲ್ಲಿ ಗಣಿ ಎಂದರೆ ಜನ ಪ್ರಶ್ನೆ ಕೇಳತೊಡಗಿದರು. ಸುಪ್ರೀಂ ಕೋರ್ಟ್ ತೀರ್ಪಿನಂತೆ ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಕೆಮ್ಮಣ್ಣುಗುಂಡಿಯಲ್ಲೂ ಗಣಿಯ ಕಾಲ ಮುಗಿಯಿತು. ಕಾಡು ಉಳಿಯಬೇಕಿತ್ತು, ಉಳಿಯಿತು. ಅದರ ಬಗ್ಗೆ ನಮಗೆ ತಕರಾರಿಲ್ಲ. ತಕರಾರು ಇರುವುದು ಇಷ್ಟೇ: ಇದು ರಾತ್ರೋರಾತ್ರಿ ಆದದ್ದಲ್ಲ. ಬರುವುದು ವರ್ಷಗಳ ಮೊದಲೇ ಕಾಣುತ್ತಿತ್ತು. ಸೌದೆ ಮುಗಿಯುವಾಗ ವಿದ್ಯುತ್ತನ್ನು ಹುಡುಕಿದ ಕಾರ್ಖಾನೆ, ಅದಿರು ಮುಗಿಯುವಾಗ ಏನನ್ನು ಹುಡುಕಿತು?

ಪೀಟರ್ ಕ್ರಾಲ್ಜಿಕ್ ಎಂಬವರು 1983ರಲ್ಲಿ ಬರೆದ ಲೇಖನವೊಂದನ್ನು ಉದ್ಯಮದವರು ಈಗಲೂ ಉದ್ಧರಿಸುತ್ತಾರೆ. ಕೊಳ್ಳುವ ಪ್ರತಿ ಸಾಮಾನಿಗೂ ಎರಡು ಪ್ರಶ್ನೆ ಕೇಳಿ ಎಂಬುದು ಅದರ ತಿರುಳು. ಇದು ನಮ್ಮ ಲಾಭಕ್ಕೆ ಎಷ್ಟು ಮುಖ್ಯ? ಇದು ಸಿಗದೇ ಹೋಗುವ ಅಪಾಯ ಎಷ್ಟು? ಎರಡೂ ಕಡಿಮೆ ಇದ್ದರೆ, ಉದಾಹರಣೆಗೆ ಆಫೀಸಿನ ಪೆನ್ನು, ಗುಮಾಸ್ತರೇ ಕೊಳ್ಳಲಿ. ಎರಡೂ ಹೆಚ್ಚಿದ್ದರೆ ಮೇಲಿನವರೇ ಕೂತು ವರ್ಷಗಟ್ಟಲೆ ಮುಂದಿನ ಒಪ್ಪಂದ, ಬದಲಿ ಮೂಲ, ಪಾಲುದಾರಿಕೆ ಯೋಚಿಸಬೇಕು. 1923ರಲ್ಲಿ ಅದಿರು ಬಹಳ ಮುಖ್ಯ, ಅಪಾಯ ಶೂನ್ಯ. ಈ ಶತಮಾನದ ಮೊದಲ ದಶಕದಲ್ಲಿ ಅದಿರು ಅಷ್ಟೇ ಮುಖ್ಯ, ಅಪಾಯ ತುತ್ತತುದಿಯಲ್ಲಿ. ಸಾಮಾನು ಅದೇ, ಅದು ಕೂತ ಮನೆ ಬದಲಾಯಿತು. ಆದರೆ ಖರೀದಿ ನಡೆದದ್ದು ಪೆನ್ನು ಕೊಂಡಂತೆ, ಬಳ್ಳಾರಿ ಕಡೆಯಿಂದ, ಆ ದಿನದ ಬೆಲೆಗೆ.

ಬಳ್ಳಾರಿಯಿಂದ ಕೊಂಡವರೆಲ್ಲ ಮುಳುಗಿದರೇ? ಇಲ್ಲ. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆ 1990ರ ದಶಕದಲ್ಲಿ ಶುರುವಾದಾಗ ಅದಕ್ಕೂ ಸ್ವಂತ ಗಣಿ ಇರಲಿಲ್ಲ. ಅದಿರು ಪಕ್ಕದಲ್ಲೇ ಸಂಡೂರಿನಿಂದ ಖರೀದಿ, ಕಲ್ಲಿದ್ದಲು ಹಡಗಿನಲ್ಲಿ ವಿದೇಶದಿಂದ. ಕಲ್ಲಿದ್ದಲಿಲ್ಲದ ರಾಜ್ಯದಲ್ಲೇ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು ಬೆಳೆಯಿತು. ಕಟ್ಟೆ ಪಂಡಿತರ ತೀರ್ಪಿಗೆ ಇದಕ್ಕಿಂತ ಉತ್ತರ ಬೇಡ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅವರೂ ತತ್ತರಿಸಿದರು, ಉತ್ಪಾದನೆ ಇಳಿಸಿದರು. ಆಮೇಲೆ ಕಡಿಮೆ ದರ್ಜೆಯ ಅದಿರನ್ನು ತೊಳೆದು ಬಳಸಿದರು, ಹರಾಜು ಪದ್ಧತಿ ಬಂದಾಗ ಗಣಿಗಳನ್ನೇ ಹಿಡಿದರು. ಅವರಿಗೆ ತಡೆದುಕೊಳ್ಳುವಷ್ಟು ಗಾತ್ರವಿತ್ತು, ಮುಂದಿನ ಮೂಲ ಹುಡುಕುವ ಆತುರವಿತ್ತು. ಭದ್ರಾವತಿಗೆ ಎರಡೂ ಇರಲಿಲ್ಲ. ಸಂಡೂರು ತಾಲ್ಲೂಕಿನ ರಾಮನದುರ್ಗದಲ್ಲಿ ಗಣಿ ಕೊಡುವ ಮಾತು ಚುನಾವಣೆಯಿಂದ ಚುನಾವಣೆಗೆ ಕೇಳಿದೆವು, ನಾವೇ ಎಷ್ಟೋ ಸಲ ಬರೆದೆವು. ಅದಿರು ಬರಲಿಲ್ಲ.

ಇದೇ ಊರಿನ ಇನ್ನೊಂದು ಕತೆ ಅರ್ಧ ಮಾತಿನಲ್ಲಿ. ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ನಲವತ್ತು ವರ್ಷಕ್ಕೆ ಅರಣ್ಯ ಭೂಮಿ ಗುತ್ತಿಗೆ ಸಿಕ್ಕಿತ್ತು, ನೀಲಗಿರಿ, ಅಕೇಶಿಯಾ ಬೆಳೆಯಲು. ಅಲ್ಲಿ ಕಚ್ಚಾ ಮಾಲು ನಿಂತಿತ್ತು, ಕಾರ್ಖಾನೆಯೇ ನಿಂತುಹೋಯಿತು. ಸ್ವಂತ ಮೂಲ ಇದ್ದ ಮಾತ್ರಕ್ಕೆ ಕಾರ್ಖಾನೆ ಬದುಕುತ್ತದೆ ಎನ್ನುವವರು ಒಮ್ಮೆ ಆ ಗೇಟಿನ ಮುಂದೂ ಹೋಗಿ ನಿಂತು ಬರಲಿ.

ವಿಐಎಸ್‌ಎಲ್ ಮಾರುವ ತಾತ್ವಿಕ ಒಪ್ಪಿಗೆ 2016ರಲ್ಲಿ ಬಂತು. ಕೊಳ್ಳುವವರು ಸಿಗದೆ 2022ರ ಅಕ್ಟೋಬರಿನಲ್ಲಿ ಆ ಪ್ರಕ್ರಿಯೆ ಕೈಬಿಟ್ಟರು. ಮುಂದಿನ ಜನವರಿಯಲ್ಲಿ ಮುಚ್ಚುವ ತೀರ್ಮಾನ, ಗೇಟಿನ ಮುಂದೆ ಶಾಮಿಯಾನ. ಧರಣಿ ತಿಂಗಳುಗಟ್ಟಲೆ ನಡೆಯಿತು. ಕೂತವರಲ್ಲಿ ಹೆಚ್ಚಿನವರು ಗುತ್ತಿಗೆಯವರು. ಅವರ ಅಪ್ಪಂದಿರು ಅದೇ ಕಾರ್ಖಾನೆಯ ಕಾಯಂ ನೌಕರರು, ತಾತಂದಿರು ಕೆಲವರು ಟ್ರಾಮಿಗೆ ಸೌದೆ ತುಂಬಿದವರು. ‘ನಮ್ಮ ತಾತನ ಕಾಲದಲ್ಲಿ ಕಾರ್ಖಾನೆಗೆ ಬೆಟ್ಟವೇ ಇತ್ತಂತೆ, ನಮಗೆ ತಿಂಗಳಿಗೆ ಇಪ್ಪತ್ತಾರು ದಿನ ಕೆಲಸ ಕೊಟ್ಟರೆ ಸಾಕು’ ಎಂದು ಒಬ್ಬರು ಹೇಳಿದ್ದನ್ನು ಬರೆದುಕೊಂಡಿದ್ದೆವು. ಅದು ಅಚ್ಚಾಗಲಿಲ್ಲ, ಇಲ್ಲಿ ಹಾಕಿದ್ದೇವೆ.

2023ರ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ನಾವು ಮತ್ತೆ ಹೋದೆವು. ಶಾಮಿಯಾನದ ಕೆಳಗಿದ್ದ ಕೆಲವರು ಒಳಗಿದ್ದರು. ಕುಲುಮೆ ತಣ್ಣಗೇ ಇತ್ತು. ಮಿಲ್‌ನಲ್ಲಿ ಉರುಳುತ್ತಿದ್ದದ್ದು ಬೇರೆ ಊರಿನ ಕಾರ್ಖಾನೆಯಲ್ಲಿ ಎರಕವಾಗಿ ರೈಲಿನಲ್ಲಿ ಬಂದ ಉಕ್ಕಿನ ದಿಮ್ಮಿ. ‘ಮುಂದಿನ ಲೋಡು ಯಾವಾಗ ಬರುತ್ತದೆ?’ ಎಂದು ಕೇಳಿದೆವು. ‘ಬಂದ ದಿನ ಗೊತ್ತಾಗುತ್ತೆ’ ಎಂದರು.